ಫಿಲೊಮೆನಾ ಸುಟ್ಟ ಗೂಡು

ಸೆರ್ರಾ ಬೆಟ್ಟದ ಇದ್ದಿಲು ಸುಡುವವರಲ್ಲಿ ಒಂದು ಕಟ್ಟಳೆ. ಗಂಡಸು ಸತ್ತರೆ ಅವನ ಇದ್ದಿಲುಗೂಡಿನ ಜಾಗ, ಅಂದರೆ ತಲೆಮಾರುಗಳ ಮಸಿ ಕುಡಿದು ಕಪ್ಪಾದ ದುಂಡು ನೆಲ, ಅಲ್ಲಿ ಮುಂದಿನ ಗೂಡನ್ನು ಯಾರ ಕೈಯೂ ಸೋಕದಂತೆ ಒಬ್ಬರೇ ಸುಟ್ಟು ಮುಗಿಸಿದವರಿಗೆ. ವೀತೊ ಸತ್ತ ಚಳಿಗಾಲ ಕಳೆದದ್ದೇ ಅವನ ಹೆಂಡತಿ ಫಿಲೊಮೆನಾ ಸೌದೆ ಜೋಡಿಸಿ, ಹುಲ್ಲು ಹೊದಿಸಿ, ಹಸಿಮಣ್ಣು ಮೆತ್ತಿ, ನೆತ್ತಿಯ ತೂತಿನಿಂದ ಕೆಂಡ ಇಳಿಬಿಟ್ಟಳು. ಊರು ನಕ್ಕಿತು. ಅಷ್ಟು ವರ್ಷ ಇದ್ದಿಲನ್ನು ತಲೆಯ ಮೇಲೆ ಹೊತ್ತು ಬೆಟ್ಟ ಇಳಿಸಿದವಳು ಅವಳೇ ಎಂಬುದು ಯಾರಿಗೂ ನೆನಪಾಗಲಿಲ್ಲ.

ಮೈದುನ ಕೋಸಿಮೊ ದಿನಾ ಬಂದು ಎದುರಿನ ಕಲ್ಲಿನ ಮೇಲೆ ಕೂರುತ್ತಿದ್ದ.

"ಅತ್ತಿಗೆ, ಇದು ರೊಟ್ಟಿ ಸುಟ್ಟಂಗಲ್ಲ."

"ರೊಟ್ಟಿ ಸುಡೋಕೂ ಬರದೋನು ನೀನು. ತೆಪ್ಪಗೆ ಕೂತ್ಕೋ."

"ಕೂತೇ ಇದೀನಲ್ಲ. ನನ್ನ ಜಾಗದಲ್ಲಿ ಕೂತು ಅಭ್ಯಾಸ ಮಾಡ್ಕೊತಿದೀನಿ."

ಗಾಳಿಯೊಳಗಿನ ಆಮ್ಲಜನಕ ಹೊಟ್ಟೆಬಾಕ. ಸಲಿಕೆಯ ಕಬ್ಬಿಣವನ್ನು ತುಕ್ಕು ಮಾಡಿ ವರ್ಷಗಟ್ಟಲೆ ಮೆಲ್ಲುತ್ತದೆ, ಕೊಯ್ದಿಟ್ಟ ಸೇಬನ್ನು ಊಟ ಮುಗಿಯುವುದರೊಳಗೆ ಕಂದಿಸುತ್ತದೆ, ಕಾದ ಸೌದೆ ಸಿಕ್ಕರಂತೂ ಬೂದಿ ಮಾಡಿಯೇ ಬಿಡುತ್ತದೆ. ಅದನ್ನು ಅರೆಹೊಟ್ಟೆಯಲ್ಲಿಟ್ಟರೆ ಮಾತ್ರ ಸೌದೆ ಉರಿಯದೆ ಬೆಂದು ಇದ್ದಿಲಾಗುತ್ತದೆ. ಬಿಳಿ ಹೊಗೆ ಮರದ ನೀರು. ಅದು ತೆಳುನೀಲಿಗೆ ತಿರುಗಿದಾಗ ಫಿಲೊಮೆನಾ ಗಾಳಿಗೆಂದು ಬಿಟ್ಟ ತೂತುಗಳನ್ನೆಲ್ಲ ಮುಚ್ಚಿದಳು. ಇನ್ನು ಗೂಡು ಒಳಗೊಳಗೇ ಆರಬೇಕು. ಅಲ್ಲಿಯವರೆಗೆ ತೆರೆಯಬಾರದು.

ಹಗಲೂ ರಾತ್ರಿ ಗೂಡು ಕಾದು ನಿದ್ದೆಗೆಟ್ಟ ಅವಳ ಕಣ್ಣಿಗೆ ಮಧ್ಯಾಹ್ನದ ಬಿಸಿಲೂ ಹೊಗೆಯಂತೆ ಕಂಡಿತು. ಮರಗಳು ನೆಲ ಬಿಟ್ಟು ತೇಲುತ್ತಿದ್ದವು. ಗೂಡು ಮಲಗಿದ ಎಮ್ಮೆಯ ಹಾಗೆ ಮೆಲ್ಲಗೆ ಏರಿಳಿಯುತ್ತಿತ್ತು. ಅದರೊಳಗೆ ವೀತೊ ಮನೆಯಲ್ಲಿ ಕೂತಂತೆಯೇ ಕೂತು, ಅಂಗಿಯ ಗುಂಡಿ ಬಿಚ್ಚಿಕೊಳ್ಳುತ್ತಿದ್ದ.

"ಸೆಖೆ ಕಣೇ. ಬಾಗಿಲು ತೆಗಿ."

ಮದುವೆಯಾದಂದಿನಿಂದ ಅವನು ಹೇಳಿದ್ದಕ್ಕೆ ಎದ್ದೇ ಅಭ್ಯಾಸ. ಎದ್ದಳು, ತೆಗೆದಳು.

ಎಚ್ಚರಾದಾಗ ಕೈಯಲ್ಲಿ ಸಲಿಕೆ. ಗೂಡಿನ ಪಕ್ಕೆಯಲ್ಲಿ ಕೊಡದ ಬಾಯಷ್ಟು ತೂತು. ಗಾಳಿ ಸಿಳ್ಳೆ ಹಾಕುತ್ತ ಒಳನುಗ್ಗುತ್ತಿತ್ತು. ಒಳಗೆ ಮೊದಲು ನೀಲಿ ಉರಿ, ಆಮೇಲೆ ಹಳದಿ.

ಕೋಸಿಮೊ ಓಡಿ ಬಂದ. "ಸಲಿಕೆ ಕೊಡಿಲ್ಲಿ. ನಾನು ಮುಚ್ತೀನಿ."

"ನೀನು ಮುಟ್ಟಿದ್ರೆ ಜಾಗ ನನ್ನ ಕೈ ತಪ್ಪುತ್ತೆ. ಸರಿ ಅತ್ಲಾಗೆ."

"ಎಲ್ಲಾ ಬೂದಿಯಾಗುತ್ತೆ ಅತ್ತಿಗೆ."

"ಆದ್ರೆ ನನ್ನ ಬೂದಿ."

ಎಸೆದ ಮಣ್ಣೆಲ್ಲ ಒಳಕ್ಕೆ ಕುಸಿಯಿತು. ತೂತು ದೊಡ್ಡದಾಯಿತು. ಅವಳು ಗುಡಿಸಲಿನಿಂದ ಗೋಣಿ ಹಾಸಿಗೆ ಎಳೆದು ತಂದು, ನೀರಿನ ತೊಟ್ಟಿಯಲ್ಲಿ ಅದ್ದಿ, ಉರಿಯ ಬಾಯಿಗೆ ಒತ್ತಿ, ಬೆನ್ನು ಕೊಟ್ಟು ನಿಂತಳು. ನಿಂತಲ್ಲೇ ಅಕ್ಕಪಕ್ಕದ ಮಣ್ಣನ್ನು ಕಾಲಿನಿಂದ, ಕೈಯಿಂದ ಎಳೆದು ಮೆತ್ತಿದಳು. ಕೂದಲು ಕರಟಿತು. ಬೆನ್ನಲ್ಲಿ ಬೊಬ್ಬೆ ಎದ್ದಿತು. ಸಿಳ್ಳೆ ಸಣ್ಣದಾಗಿ ನಿಂತಾಗಷ್ಟೇ ಬೆನ್ನು ತೆಗೆದಳು.

ಗೂಡು ಪೂರ್ತಿ ತಣಿದ ಮೇಲೆ ಬಿಚ್ಚಿದರೆ, ಆ ಪಕ್ಕೆಯಲ್ಲಿ ಬರೀ ಬಿಳಿ ಬೂದಿ. ಉಳಿದ ಕಡೆ ಕಪ್ಪಗೆ ಮಿನುಗುವ ಇದ್ದಿಲು. ಒಂದಕ್ಕೊಂದು ತಗುಲಿದರೆ ಗಾಜಿನಂತೆ ಸದ್ದು ಮಾಡುತ್ತಿತ್ತು.

"ಕಾಲುಭಾಗ ಹೋಯ್ತಲ್ಲ, ಅತ್ತಿಗೆ," ಎಂದ ಕೋಸಿಮೊ.

"ನಿನ್ನ ಮೊದಲ್ನೇ ಗೂಡಲ್ಲಿ ಎಷ್ಟು ಹೋಗಿತ್ತು?"

ಅವನ ಮೊದಲ ಗೂಡಿನಲ್ಲಿ ಬೂದಿ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ. ಅದು ಬೆಟ್ಟಕ್ಕೆಲ್ಲ ಗೊತ್ತಿತ್ತು.

ಫಿಲೊಮೆನಾ ಖಾಲಿ ಚೀಲವೊಂದನ್ನು ಅವನ ಕಾಲ ಬಳಿ ಎಸೆದಳು.

"ಈಗ ಮುಟ್ಟಬಹುದು. ಬಾಯಿ ಅಗಲ ಮಾಡಿ ಹಿಡಿ."

ಹಿಡಿದ. ಅವಳು ತುಂಬತೊಡಗಿದಳು.