ಸಮುದ್ರದ ತಳದ ಎರಿಮಣ್ಣು

ಗುರುಗುಂಟಾದ ನನ್ನ ಗೆಳೆಯ ಯಮನೂರಪ್ಪನಿಗೆ ಊರಲ್ಲಿ ಗೇಣು ನೆಲವಿರಲಿಲ್ಲ. ಅಂಥವನನ್ನೇ ಸರ್ಕಾರ ಹುಡುಕಿ, ದೇಶದ ಪಾಲಿನ ಸಮುದ್ರದ ತಳ ಅಳೆಯುವ ಹಡಗಿನಲ್ಲಿ ಖಲಾಸಿ ಕೆಲಸಕ್ಕೆ ಇಟ್ಟಿತು. ಯಂತ್ರ ನೀರೊಳಗೆ ಸದ್ದು ಬಿಟ್ಟು, ಅದು ತಿರುಗಿ ಬರುವ ಹೊತ್ತು ಎಣಿಸಿ ಆಳ ಹೇಳುತ್ತಿತ್ತು. ತಳದಲ್ಲಿರುವುದು ಮರಳೋ ಕೆಸರೋ ಎಂದು ನೋಡಲು ಇವನು ಹಗ್ಗ ಇಳಿಸಿ ಮಣ್ಣು ಎತ್ತುತ್ತಿದ್ದ. ಎಲ್ಲವೂ ನಕ್ಷೆಗೆ ಏರುತ್ತಿತ್ತು. ಮೀನಿಗೂ ಬೇಡದ ಜಾಗಕ್ಕೆ ಅಷ್ಟು ಮರ್ಯಾದೆ. ನಮ್ಮ ಹೊಲದ ಬದು ಅಳೆದುಕೊಡಿ ಎಂದು ನಾನು ಅರ್ಜಿ ಕೊಟ್ಟು ಆರು ವರ್ಷವಾಗಿತ್ತು, ಒಬ್ಬನೂ ಬಂದಿರಲಿಲ್ಲ.

೧೯೮೭ರಲ್ಲಿ ರಜೆಗೆ ಬಂದವನು ಅವ್ವನಿಗೆ ತೋರಿಸಲೆಂದು ಆ ಮಣ್ಣಿನ ಒಂದು ಮುದ್ದೆ ತಂದಿದ್ದ. ಆಗಲೇ ದಢೇಸುಗೂರಿನ ಗ್ಯಾನಮ್ಮನ ಮಾತು ಬಂತು. ಅವಳನ್ನು ಲಿಂಗಸುಗೂರಿನ ಬಸ್ ಸ್ಟ್ಯಾಂಡಿನಲ್ಲಿ ಕಂಡಂದಿನಿಂದ ಇವನಿಗೆ ಬೇರೆ ಹುಡುಗಿ ಬೇಡವಾಗಿತ್ತು. ಆದರೆ ಅವಳಪ್ಪ ಬಸ್ಸಪ್ಪ ಹೊಲವಿಲ್ಲದವನಿಗೆ ಹೆಣ್ಣು ಕೊಡುವವನಲ್ಲ. ಯಮನೂರಪ್ಪನ ಸೋದರಮಾವ ಆದಪ್ಪ ಆ ಮುದ್ದೆಯನ್ನು ಸದ್ದಿಲ್ಲದೆ ಚೀಲಕ್ಕೆ ಹಾಕಿಕೊಂಡ. ಮೂವರೂ ಹೆಣ್ಣು ನೋಡಲು ಹೋದೆವು.

"ಹೊಲ ಭಾಳ ದೂರ ಐತ್ರಿ. ಮಣ್ಣು ತಂದೀವಿ, ನೋಡ್ರಿ," ಎಂದು ಆದಪ್ಪ ಗಂಟು ಬಿಚ್ಚಿದ.

ಬಸ್ಸಪ್ಪ ಹಿಚುಕಿ ನೋಡಿದ. "ಕರಿ ಎರಿಮಣ್ಣು, ಚಲೋ ಐತಿ." ಆಮೇಲೆ ಚೂರು ನಾಲಿಗೆಗೆ ಇಟ್ಟುಕೊಂಡು ಮುಖ ಕಿವುಚಿದ. "ಇದು ಸವಳಾಗೈತಲ್ರಿ. ನೀರು ಹೆಚ್ಚಿಗಿ ಬಿಟ್ಟೀರಿ."

ದಢೇಸುಗೂರಿನ ಕಡೆ ಕಾಲುವೆ ನೀರು ಕಂಡಾಪಟ್ಟೆ ಹರಿಸಿದ ಭತ್ತದ ಗದ್ದೆಯಲ್ಲಿ ಉಪ್ಪು ಮೇಲೆದ್ದು ನೆಲ ಕೆಡುತ್ತದೆ. ಅದೇ ಸವಳು. ಗುರುಗುಂಟಾಕ್ಕೆ ಕಾಲುವೆಯೇ ಇಲ್ಲ ಎಂಬುದನ್ನು ಮರೆತ ಆದಪ್ಪ, "ಹೌದ್ರಿ, ನೀರು ಸ್ವಲ್ಪ ಹೆಚ್ಚಾಗೈತ್ರಿ," ಎಂದ. ನಾನು ನಗು ತಡೆಯಲು ತುಟಿ ಕಚ್ಚಿಕೊಂಡೆ.

ಯಮನೂರಪ್ಪನಿಗೆ ತಡೆಯಲಾಗಲಿಲ್ಲ. "ಸುಳ್ಳು ಬ್ಯಾಡ್ರಿ. ಇದು ಸಮುದ್ರದ ತಳದ ಮಣ್ಣು. ನನಗ ಹೊಲಾನ ಇಲ್ಲ."

ಕೂಡಿಬಂದ ಸಂಬಂಧವನ್ನು ಕೈಯಾರೆ ಕೆಡಿಸಿಕೊಂಡನಲ್ಲ ಎಂದು ನನಗೆ ವಿಪರೀತ ಸಿಟ್ಟು ಬಂತು.

ಬಸ್ಸಪ್ಪ ಕೈ ಝಾಡಿಸಿ ಎದ್ದ. "ಹೊಲ ಇಲ್ಲದಾಂವ ನನ್ನ ಮಗಳನ್ನ ಏನು ಸಾಕ್ತಾನ?"

ಚಹಾ ಹಿಡಿದು ಬಂದಿದ್ದ ಗ್ಯಾನಮ್ಮ ಬಾಗಿಲಲ್ಲೇ ನಿಂತಳು. "ಯಪ್ಪ, ನಾಲಿಗಿಗಿ ಹತ್ತಿದ ಕೂಡ್ಲೆ ಸವಳು ಅಂತ ನಿನಗ ಹೆಂಗ ಗೊತ್ತಾತು? ದಿನಾ ಮುಂಜಾನಿ ನಮ್ಮ ಹೊಲದ ಮಣ್ಣು ನೆಕ್ಕಿ ಕಣ್ಣೀರು ಹಾಕ್ತೀಯಲ್ಲ, ಅದನ್ನೂ ಇವರಿಗೆ ಹೇಳು."

ಬಸ್ಸಪ್ಪ ಕೆಳಗೆ ಕೂತ.

"ಚಾ ಕೊಡವ್ವ ಅವರಿಗೆ," ಎಂದ.