ಎರಡು ಮುಚ್ಚಳದ ಅಳತೆ

೧೯೯೮ರ ಒಂದು ದಿನ, ಬೆಳಗಿನ ಐದೂವರೆ. ಸಿಂಧನೂರಿನ ಮಸ್ಕಿ ರಸ್ತೆಯ ಅಕ್ಕಿ ಗಿರಣಿಗಳು ಇನ್ನೂ ಸದ್ದು ಮಾಡಿಲ್ಲ. ಅವುಗಳ ಎದುರಿಗೆ ಮಳೆಬಿಸಿಲಿಗೆಂದು ಹೊದಿಸಿದ ಒಂದೇ ದೊಡ್ಡ ತಾಡಪತ್ರಿಯ ಕೆಳಗೆ ಏಳು ತಳ್ಳುಬಂಡಿ, ನಾಲ್ಕು ಬೆಂಚು, ನೀರಿನದೊಂದು ಡ್ರಮ್ಮು. ಒಂದು ಬಂಡಿಯಲ್ಲಿ ಮಂಡಕ್ಕಿಯ ಮಂಡಾಳ ಒಗ್ಗರಣೆ ತೆಗೆದುಕೊಂಡು, ಇನ್ನೊಂದಕ್ಕೆ ಚಹಾ ಹೇಳಿ, ಯಾವ ಬೆಂಚಿನ ಮೇಲಾದರೂ ಕೂತು ತಿನ್ನಬಹುದು. ಹಮಾಲರ ಬಾಯಲ್ಲಿ ಇದು ತಾಡಪತ್ರಿ ಹೋಟೆಲು. ಸಾಲಿನ ಕೊನೆಯ ಬಂಡಿಯ ಹಿಂದೆ ಜಮೀಲಾಬೀ ಒಂದು ಪಾತ್ರೆಯ ಮೇಲೆ ಬಾಗಿ ನಿಂತಿದ್ದಾರೆ. ಒಂದು ಕೈಯಲ್ಲಿ ಕರ್ರಗಿನ ಸೋಯಾ ಸಾಸಿನ ಬಾಟಲಿ, ಇನ್ನೊಂದರಲ್ಲಿ ಬಣ್ಣ ಹೋದ ಕೆಂಪು ಮುಚ್ಚಳ. ಮುಚ್ಚಳ ತುಂಬುತ್ತಾರೆ, ಸುರಿಯುತ್ತಾರೆ, ಮತ್ತೆ ತುಂಬುತ್ತಾರೆ. ತುಟಿಗಳು ಸದ್ದಿಲ್ಲದೆ ಎಣಿಸುತ್ತಿವೆ.

"ಆಕಿ ಮುಚ್ಚಳ ಎಣಸೋ ಮುಂದ ಮಾತಾಡ್ಸಬ್ಯಾಡ್ರಿ," ಎನ್ನುತ್ತಾರೆ ಪಕ್ಕದ ಬಂಡಿಯಲ್ಲಿ ಮಿರ್ಚಿಯ ಹಿಟ್ಟು ಕಲಸುತ್ತಿರುವ ಯಮನೂರಪ್ಪ. "ಲೆಕ್ಕ ತಪ್ಪಿದ್ರ ನನ್ನ ಕಡೆ ಹೆಂಗ ನೋಡ್ತಾಳಂದ್ರ, ನನ್ನ ಎಣ್ಣಿನೂ ಆರಿ ಹೋಗ್ತೈತಿ."

ಎಣಿಕೆ ಎಂಟಕ್ಕೆ ನಿಲ್ಲುತ್ತದೆ. ನಲವತ್ತು ಮೊಟ್ಟೆಗೆ ಎಂಟು ಮುಚ್ಚಳ, ಅಂದರೆ ಹತ್ತಕ್ಕೆ ಎರಡು. ಇದು ಸಂಜೆಯ ಪಾಳಿಯವರಿಗೆ. ಬೆಳಗಿನವರಿಗಾಗಿ ಬೇಯಿಸಿದ ಇನ್ನೊಂದು ನಲವತ್ತು ನಿನ್ನೆ ಸಂಜೆಯಿಂದ ಹೊಟ್ಟಿನ ಒಲೆಯ ಮೇಲೆ ಕೂತು ಈಗ ಹದಕ್ಕೆ ಬಂದಿವೆ. ತಗಡಿನ ಡಬ್ಬಿಯಲ್ಲಿ ಭತ್ತದ ಹೊಟ್ಟನ್ನು ಒತ್ತಿ ತುಂಬಿ, ನಡುವೆ ತೂತು ಬಿಟ್ಟು ಕೆಂಡ ಇಟ್ಟರೆ ಹತ್ತು ಹನ್ನೆರಡು ತಾಸು ಸಣ್ಣಗೆ ಉರಿಯುವ ಒಲೆ ಅದು. ಪಾತ್ರೆಯ ಮೇಲಿನ ತಾಟು ಸರಿಸಿದರೆ ಚಹಾಪುಡಿ, ದಾಲ್ಚಿನ್ನಿ, ಬಿರಿಯಾನಿಗೆ ಹಾಕುವ ಚಕ್ರಮೊಗ್ಗು ಎಲ್ಲ ಕೂಡಿದ ಹಬೆ ಏಳುತ್ತದೆ. ಒಳಗೆ ಮೈತುಂಬ ಬಿರುಕು ಬಿಟ್ಟ ಕಂದು ಮೊಟ್ಟೆಗಳು. ಸಿಪ್ಪೆ ಸುಲಿದರೆ ಬಿಳಿಯ ಮೇಲೆ ಕಂದು ಗೆರೆಗಳು, ನೀರು ಬಸಿದುಹೋದ ಗದ್ದೆಯ ನೆಲದ ಹಾಗೆ. ಬಂಡಿಯ ಮುಂದಿನ ಹಲಗೆಯ ಮೇಲೆ ಸುಣ್ಣದಲ್ಲಿ ಬರೆದಿದೆ: ತೈವಾನ್ ತತ್ತಿ.

ತೈವಾನ್ ಎಲ್ಲಿದೆ ಎಂದು ಕೇಳದ ಗಿರಾಕಿಯಿಲ್ಲ. ಜಮೀಲಾಬೀ ರಸ್ತೆಯ ಕಡೆ ಕೈ ಮಾಡುತ್ತಾರೆ. "ಮಸ್ಕಿ ದಾಟ್ರಿ, ಲಿಂಗಸುಗೂರು ದಾಟ್ರಿ. ಅಲ್ಲಿಂದ ಯಾರ್ನರ ಕೇಳ್ರಿ, ಇನ್ನೂ ಭಾಳ ದೂರ ಐತಂತ ಹೇಳ್ತಾರ."

ಈ ವಾರ ಮಾತ್ರ ಆ ಹಲಗೆ ಅವರ ಕಣ್ಣಿಗೆ ಚುಚ್ಚುತ್ತಿದೆ. ಎದುರಿನ ಗಿರಣಿಗೆ ಹೊಸ ಯಂತ್ರ ಬಂದಿದೆ. ಅದನ್ನು ಕೂಡಿಸಲು ತೈವಾನಿನಿಂದಲೇ ಒಬ್ಬ ತಂತ್ರಜ್ಞ ಬಂದಿದ್ದಾನೆ. ಗಿರಣಿಯ ಮ್ಯಾನೇಜರ್ ಅಂಬಪ್ಪ ಅವನನ್ನು ಇವತ್ತು ಬೆಳಿಗ್ಗೆ ಈ ಬೆಂಚಿಗೆ ಕರೆತರುವುದಾಗಿ ಹೇಳಿದ್ದಾರೆ. ಕರೆತರುವಂತೆ ಕೇಳಿಕೊಂಡದ್ದು ಜಮೀಲಾಬೀ ಅವರೇ.

"ಏಳು ವರ್ಷ ಆತ್ರಿ ಈ ಹೆಸರಿಲೆ ಮಾರಾಕತ್ತಿ," ಎನ್ನುತ್ತಾರೆ ಅವರು. "ಆ ದೇಶದವರು ಒಬ್ಬರೂ ತಿಂದಿಲ್ಲ. ನಾ ಮಾಡೋದು ಖರೇನ ಅದೋ ಅಲ್ಲೋ, ಇಲ್ಲಿ ಯಾರಿಗೆ ಗೊತ್ತೈತಿ? ಹೌದು ಅಂದ್ರ ಛಲೋ. ಅಲ್ಲ ಅಂದ್ರ ಇವತ್ತ ಹಲಗಿ ಒರಸ್ತೀನಿ. ಸುಳ್ಳು ಹೆಸರು ಹೇಳಿ ಮಂದಿಗೆ ತಿನಿಸಬಾರದು."

ನಲವತ್ತೈದರ ಆಸುಪಾಸಿನ ಜಮೀಲಾಬೀ ಹುಟ್ಟಿದ್ದು ಮಸ್ಕಿಯಲ್ಲಿ. ಹದಿನೈದಕ್ಕೆ ಮದುವೆಯಾಗಿ ಸಿಂಧನೂರಿಗೆ ಬಂದರು. ಗಂಡ ಮೌಲಾಹುಸೇನ ಗಿರಣಿಯಲ್ಲಿ ಚೀಲ ಹೊರುವ ಹಮಾಲ. ಅದೇ ಗಿರಣಿಯಲ್ಲಿ ಜಮೀಲಾಬೀ ಚೆಲ್ಲಿದ ನುಚ್ಚು ಗುಡಿಸಿ ಹಸನು ಮಾಡುವ ಕೆಲಸಕ್ಕೆ ನಿಂತರು. ೧೯೮೯ರ ಸುಗ್ಗಿಯಲ್ಲಿ ಅಲ್ಲಿಗೆ ಮೊದಲ ಸಲ ತೈವಾನಿನ ಯಂತ್ರ ಬಂತು. ಜೊತೆಗೆ ಒಬ್ಬ ಇಂಜಿನಿಯರು, ಅವನ ಹೆಂಡತಿ. ಗಿರಣಿಯ ಹಿಂದಿನ ಎರಡು ಕೋಣೆಗಳಲ್ಲಿ ಅವರ ವಾಸ. ಪಾತ್ರೆ ತೊಳೆದುಕೊಡಲು ಜಮೀಲಾಬೀಯನ್ನು ಕಳಿಸಿದರು.

ಆ ಹೆಂಗಸು ತನ್ನ ಹೆಸರು ಹೇಳಿದಳು. ಅದು ಇವರ ನಾಲಿಗೆಗೆ ಹತ್ತಲಿಲ್ಲ. ಇವರು 'ಬಾಜಿ' ಎಂದು ಕರೆದರು, ಅಂದರೆ ಅಕ್ಕ. ಅದು ಎಲ್ಲರನ್ನೂ ಕರೆಯುವ ಮಾತೆಂದುಕೊಂಡು ಆಕೆಯೂ ಇವರನ್ನು 'ಬಾಜಿ' ಎಂದೇ ಕರೆದಳು. ಹೀಗೆ ಇಬ್ಬರು ಅಕ್ಕಂದಿರು ಒಂದೂ ಸಮಾನ ಮಾತಿಲ್ಲದೆ ನಲವತ್ತು ದಿನ ಕಳೆದರು.

ನಮ್ಮ ಕಡೆಯ ಖಾರ ಆಕೆಗೆ ಆಗಲಿಲ್ಲ. ಎರಡನೆಯ ದಿನ ಸಂಜೆ ಹತ್ತು ಮೊಟ್ಟೆ ಬೇಯಿಸಿ, ಆರಲು ಇಟ್ಟು, ಚಮಚದ ಬೆನ್ನಿನಿಂದ ಒಂದೊಂದಕ್ಕೂ ತಟ್ಟತೊಡಗಿದಳು. ಬಾಗಿಲಲ್ಲಿ ನಿಂತ ಜಮೀಲಾಬೀ ನೋಡುತ್ತಿದ್ದರು. ಮೊಟ್ಟೆಗಳೆಲ್ಲ ಒಡೆಯುತ್ತಿದ್ದವು. ಒಳಗಿನ ಕೋಣೆಯಲ್ಲಿ ಆಕೆಯ ಗಂಡ ಏನೋ ಗಟ್ಟಿಯಾಗಿ ಮಾತಾಡುತ್ತಿದ್ದ. ಆಕೆ ಒಡೆದವನ್ನೆಲ್ಲ ಕಪ್ಪು ನೀರಿದ್ದ ಪಾತ್ರೆಯೊಳಗೆ ಹಾಕಿ, ತಾಟು ಮುಚ್ಚಿ, ಕೈತೊಳೆಯಲು ಹೋದಳು.

"ನಾ ಏನು ತಿಳಕೊಂಡೆ ಅಂದ್ರ, ಆಕಿ ಕೈ ನಡಗಾಕತ್ತಾವ, ಹತ್ತೂ ಒಡಕೊಂಡು ಮುಚ್ಚಿ ಇಟ್ಟಾಳ ಅಂತ," ಎಂದು ಜಮೀಲಾಬೀ ನೆನೆಯುತ್ತಾರೆ. "ಆಕಿ ಗಂಡ ನೋಡಿದ್ರ ಸುಮ್ಮನ ಬಿಡ್ತಾನೇನು? ನಮ್ಮನ್ಯಾಗ ಒಂದು ಚಾದ ಬಸಿ ಒಡದ್ರ ಮೂರು ದಿನ ಮಾತು ಕೇಳಬೇಕಾಗಿತ್ತು."

ಓಡಿಹೋಗಿ ಹತ್ತು ಮೊಟ್ಟೆ ತಂದರು. ತಮ್ಮ ಒಲೆಯಲ್ಲಿ ಬೇಯಿಸಿದರು. ಯಾರೂ ಇಲ್ಲದ ಹೊತ್ತು ನೋಡಿ ಪಾತ್ರೆಯೊಳಗಿನ ಒಡಕು ಮೊಟ್ಟೆಗಳನ್ನು ತೆಗೆದು ಸೆರಗಿಗೆ ಹಾಕಿಕೊಂಡು, ಇಡೀ ಮೊಟ್ಟೆಗಳನ್ನು ಒಳಗೆ ಇಟ್ಟು ಬಂದರು. ಒಬ್ಬ ಹೆಂಗಸಿನ ತಪ್ಪನ್ನು ಇನ್ನೊಬ್ಬಳು ಗಂಡಸರ ಕಣ್ಣಿಗೆ ಬೀಳದಂತೆ ಮುಚ್ಚುವುದು ಅವರಿಗೆ ಯಾರೂ ಕಲಿಸಿದ್ದಲ್ಲ. ಹಾಗೆ ಮುಚ್ಚಿಸಿಕೊಂಡು, ಮುಚ್ಚಿಕೊಟ್ಟು ಬೆಳೆದವರು ಅವರು.

ಮರುದಿನ ಬೆಳಿಗ್ಗೆ ಆಕೆ ಮೊಟ್ಟೆ ಸುಲಿದರೆ ಒಳಗೆಲ್ಲ ಬೆಳ್ಳಗೆ. ಎರಡನೆಯದು, ಮೂರನೆಯದು, ಎಲ್ಲವೂ ಹಾಗೆಯೇ. ತಿರುಗಿ ಜಮೀಲಾಬೀಯ ಮುಖ ನೋಡಿದಳು. ಇವರು ತಲೆ ತಗ್ಗಿಸಿ, ಚಮಚ ತೋರಿಸಿ, ಒಡೆದಂತೆ ಮಾಡಿ, ಗಂಡನ ಕೋಣೆಯ ಕಡೆ ಬೆರಳು ಮಾಡಿ, ತಮ್ಮ ಕೆನ್ನೆಗೆ ತಾವೇ ಹೊಡೆದುಕೊಂಡಂತೆ ತೋರಿಸಿದರು. ಆಕೆಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಮೊದಲು ನಕ್ಕಳು. ನಗು ನಿಂತ ಮೇಲೆ ಜಮೀಲಾಬೀಯ ಕೆನ್ನೆಯ ಮೇಲಿದ್ದ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು. ಆಮೇಲೆ ಅದೇ ಕೈಗೆ ಚಮಚ ಕೊಟ್ಟು ಕಲಿಸಿದಳು. ತಟ್ಟು, ತಿರುಗಿಸು, ತಟ್ಟು. ಬಿರುಕು ಬೀಳಬೇಕು, ಸಿಪ್ಪೆ ಬೀಳಬಾರದು. ಚಹಾ ಒಳಗಿಳಿಯಲು ಇದೇ ದಾರಿ. ಬಾಟಲಿಯ ಕಪ್ಪು ಸಾಸು ಹತ್ತಕ್ಕೆ ಎರಡು ಮುಚ್ಚಳ ಎಂದು ಬೆರಳು ಮಡಚಿ ತೋರಿಸಿದಳು.

ಹೀಗೆ ಹೊಸದಾಗಿ ಮಾಡಿದ ಪಾತ್ರೆಯ ಮೊದಲ ಮೊಟ್ಟೆಯನ್ನು ಆಕೆ ಬಸಿಯಲ್ಲಿಟ್ಟು ಜಮೀಲಾಬೀ ಮುಂದೆ ಹಿಡಿದಳು. ಕುರ್ಚಿ ಎಳೆದಳು. ಇವರು ಕುರ್ಚಿಯ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತರು. ಆಕೆಯೂ ನೆಲಕ್ಕೆ ಕೂತಳು.

"ಅಲ್ಲೀತನ ನನಗ ಯಾರೂ ಮೊದಲು ಬಡಿಸಿದ್ದಿಲ್ರಿ," ಎನ್ನುತ್ತಾರೆ ಜಮೀಲಾಬೀ. ಅಷ್ಟು ಹೇಳಿ ಒಲೆಯ ಬೂದಿ ಕೆದಕುತ್ತಾರೆ.

ಹೋಗುವಾಗ ಆಕೆ ಅರ್ಧ ಉಳಿದಿದ್ದ ಬಾಟಲಿಯನ್ನು ಇವರ ಕೈಗಿಟ್ಟಳು. ಎರಡು ವರ್ಷ ಅದು ಮನೆಯ ಗೂಡಿನಲ್ಲೇ ಇತ್ತು. ೧೯೯೧ರಲ್ಲಿ ಒಟ್ಟಿದ್ದ ಚೀಲದ ಥಪ್ಪಿ ಕುಸಿದು ಮೌಲಾಹುಸೇನರ ಬೆನ್ನು ಹೋಯಿತು. ನುಚ್ಚು ಗುಡಿಸಿದ್ದರಲ್ಲಿ ಐದು ಜನರ ಮನೆ ನಡೆಯುವಂತಿರಲಿಲ್ಲ. ಜಮೀಲಾಬೀ ಒಂದು ಹಳೆಯ ತಳ್ಳುಬಂಡಿ ಹಿಡಿದು ತಾಡಪತ್ರಿಯ ಕೊನೆಗೆ ನಿಂತರು. ಮೊದಲ ತಿಂಗಳು ಯಾರೂ ಮುಟ್ಟಲಿಲ್ಲ. ಒಡಕು ಮೊಟ್ಟೆ, ಅದೂ ಕಂದು ಬಣ್ಣದ್ದು, ಕೊಳೆತಿದೆ ಎಂದೇ ಎಲ್ಲರ ಲೆಕ್ಕ. ಯಮನೂರಪ್ಪ ಆಗ ಗಿರಾಕಿಗಳಿಗೆ ಕೂಗಿ ಹೇಳುತ್ತಿದ್ದರಂತೆ, "ಅಕ್ಕನ ತತ್ತಿ ಚಾದಾಗ ಮುಳುಗಿ ಸತ್ತಾವ, ಮಣ್ಣಿಗೆ ಬರ್ರಿ." ಕೊನೆಗೆ ಲಿಂಗಸುಗೂರು ಬಸ್ಸಿನ ಡ್ರೈವರೊಬ್ಬ ಹಸಿವಿಗೆ ಸೋತು ಒಂದು ತಿಂದ, ಮತ್ತೆರಡು ಕಟ್ಟಿಸಿಕೊಂಡ. ಮರುದಿನ ಅವನ ಕಂಡಕ್ಟರೂ ಬಂದ.

ಅಷ್ಟರಲ್ಲಿ ಬಾಟಲಿ ಬರಿದಾಯಿತು. ಬೆಲ್ಲ ಕರಕಲು ಮಾಡಿ ನೋಡಿದರು, ಹುಣಸೆ ಹಾಕಿ ನೋಡಿದರು. ಆಗಲಿಲ್ಲ. ಹೈದರಾಬಾದಿಗೆ ಅಕ್ಕಿ ಒಯ್ಯುವ ಲಾರಿಯವನ ಕೈಗೆ ಖಾಲಿ ಬಾಟಲಿ ಕೊಟ್ಟು, "ಇದರ ವಾಸನಿ ಹಿಡಕೊಂಡು ಹುಡುಕು ಭೈ" ಎಂದು ಕಳಿಸಿದರು. ಅಲ್ಲಿನ ಯಾವನೋ ಅಂಗಡಿಯವನು ಮೂಸಿ ನೋಡಿ ಸೋಯಾ ಸಾಸು ಕೊಟ್ಟ. ಬಾಟಲಿ ಹೈದರಾಬಾದಿಗೆ ಹೋದರೂ ಮುಚ್ಚಳ ಮಾತ್ರ ಮನೆ ಬಿಟ್ಟು ಹೋಗಲಿಲ್ಲ. ಅಂದಿನಿಂದ ಇಂದಿನವರೆಗೆ ಅದೇ ಅಳತೆ.

ಈಗ ದಿನಕ್ಕೆ ಎಂಬತ್ತು ಮೊಟ್ಟೆ. ಭತ್ತದ ಸುಗ್ಗಿಯಲ್ಲಿ ನೂರೈವತ್ತು. ನಡುಮಧ್ಯಾಹ್ನ ಎರಡು ತಾಸು ಬಿಟ್ಟರೆ ನಸುಕಿನಿಂದ ಸಂಜೆಯ ಪಾಳಿ ಮುಗಿಯುವವರೆಗೆ ನಿಂತೇ ಇರುತ್ತಾರೆ. ಮನೆಯಲ್ಲಿ ಚಮಚ ಹಿಡಿದು ಮೊಟ್ಟೆ ತಟ್ಟುವವರು ಮೌಲಾಹುಸೇನ. "ಬಸಿ ಒಡದ್ರ ಕೂಗಾಡಿ ಮನಿ ತಲಿ ಮ್ಯಾಲೆ ಹೊರತಿದ್ರು," ಎಂದು ಜಮೀಲಾಬೀ ನಗುತ್ತಾರೆ. "ಈಗ ದಿನಾ ಎಂಬತ್ತು ಒಡೀತಾರ. ನಾ ಒಂದೂ ಮಾತು ಅನ್ನಂಗಿಲ್ಲ."

ಸಾವಿರಾರು ಮೊಟ್ಟೆ ಈ ಬಂಡಿಯಿಂದ ಹೋಗಿವೆ. ಆದರೆ ಈ ಬೆಂಚಿನ ಮೇಲೆ ಕೂತು ಜಮೀಲಾಬೀ ಒಂದನ್ನೂ ತಿಂದಿಲ್ಲ. ಗಂಡಸರ ನಡುವೆ ಕೂತು ಬಾಯಾಡಿಸುವುದು ಅವರಿಂದ ಆಗದ ಕೆಲಸ. ಉಳಿದದ್ದನ್ನು ಮನೆಗೊಯ್ದು, ಎಲ್ಲರದ್ದೂ ಆದ ಮೇಲೆ ಒಂದು ತುಂಡು. ಉಪ್ಪು ಕಡಿಮೆ ಎಂದು ಯಮನೂರಪ್ಪ ಸಾರುತ್ತಲೇ ಇರುತ್ತಾರೆ. ಜಮೀಲಾಬೀ ಕಿವಿಗೆ ಹಾಕಿಕೊಂಡವರಲ್ಲ. "ಆಕಿ ಕೊಟ್ಟ ಅಳತಿ. ನಾ ಯಾಕ ಕೈ ಹಚ್ಚಲಿ?"

ಏಳು ಗಂಟೆಗೆ ಅಂಬಪ್ಪ ಬರುತ್ತಾರೆ. ಜೊತೆಗೆ ನೀಲಿ ಅಂಗಿಯ, ಮೂವತ್ತೈದರ ಆಸುಪಾಸಿನ ವ್ಯಕ್ತಿ. ಇಬ್ಬರ ನಡುವೆ ಹರಕುಮುರುಕು ಇಂಗ್ಲಿಷು. ಸಾಲಿನ ಬಂಡಿಗಳೆಲ್ಲ ಕೆಲಸ ನಿಧಾನ ಮಾಡುತ್ತವೆ.

"ಬೀಗರು ಬಂದ್ರು ನೋಡಕ್ಕ," ಎನ್ನುತ್ತಾರೆ ಯಮನೂರಪ್ಪ.

"ಸುಮ್ಮನ ನಿನ್ನ ಮಿರ್ಚಿ ನೋಡ್ಕೋ ಯಮನೂರಣ್ಣ, ಹೊತ್ತಾಕತ್ತಾವ."

ಆತ ಹಲಗೆಯನ್ನು ಓದಲಾರ. ಆದರೆ ಪಾತ್ರೆಯನ್ನು ನೋಡಿದ್ದೇ ನಿಲ್ಲುತ್ತಾನೆ. ಜಮೀಲಾಬೀ ಒಂದು ಮೊಟ್ಟೆ ಸುಲಿಯಲು ಹೋದರೆ ಕೈ ಅಡ್ಡ ಮಾಡಿ, ತಾನೇ ತೆಗೆದುಕೊಂಡು, ಬೆಂಚಿನ ಮೇಲೆ ಕೂತು, ಸಿಪ್ಪೆಯನ್ನು ಸುತ್ತು ಬಿಡಿಸಿದ ಹಾಗೆ ಸುಲಿಯುತ್ತಾನೆ. ಕಂದು ಗೆರೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ತಿನ್ನುತ್ತಾನೆ. ಇನ್ನೊಂದು ತೆಗೆದುಕೊಳ್ಳುತ್ತಾನೆ. ಜಮೀಲಾಬೀಯ ಮುಷ್ಟಿಯಲ್ಲಿ ಆ ಕೆಂಪು ಮುಚ್ಚಳವಿದೆ. ಎರಡನೆಯದು ಮುಗಿಸಿ ಆತ ಅಂಬಪ್ಪನವರಿಗೆ ಏನೋ ಹೇಳುತ್ತಾನೆ. ಅಂಬಪ್ಪ ಗಂಟಲು ಸರಿಮಾಡಿಕೊಳ್ಳುತ್ತಾರೆ.

"ಇದ್ದದ್ದು ಇದ್ದಂಗ ಹೇಳ್ರಿ ಸಾಹೇಬ್ರ," ಎನ್ನುತ್ತಾರೆ ಜಮೀಲಾಬೀ.

"ಅವರ ಊರಾಗ ಇರೋ ಹಂಗ ಇಲ್ಲಂತ ನೋಡಬೇ," ಎನ್ನುತ್ತಾರೆ ಅಂಬಪ್ಪ. "ಚಾ ಬ್ಯಾರೆ, ವಾಸನಿನೂ ಬ್ಯಾರೆ ಅಂತ."

ಜಮೀಲಾಬೀ ಹಲಗೆಯ ಕಡೆ ನೋಡುತ್ತಾರೆ. ಒರೆಸುವ ಬಟ್ಟೆ ಹೆಗಲ ಮೇಲೆಯೇ ಇದೆ. ಆತ ಮೂರನೆಯ ಮೊಟ್ಟೆ ಸುಲಿಯುತ್ತ ಮತ್ತೇನೋ ಹೇಳುತ್ತಾನೆ.

"ತಡಿ, ಇನ್ನೂ ಮುಗದಿಲ್ಲ," ಎನ್ನುತ್ತಾರೆ ಅಂಬಪ್ಪ. "ಅಲ್ಲಿ ಮನಿಗೊಂದು ರುಚಿ ಇರತೈತಂತ. ಅವರ ಅವ್ವಂದು ಒಂದು ಬಗಿ, ಓಣಿ ತುದಿ ಅಂಗಡಿದು ಒಂದು ಬಗಿ. ತಿಂದ ಕೂಡ್ಲೇ ಯಾರ ಮನಿದು ಅಂತ ಗೊತ್ತಾಗ್ತೈತಂತ. ಇದು ಯಾರ ಮನಿದು ಅಂತ ಕೇಳಾಕತ್ತಾರ."

ಜಮೀಲಾಬೀ ಮುಚ್ಚಳವನ್ನು ಬಂಡಿಯ ಮೇಲಿಡುತ್ತಾರೆ. ಪಾತ್ರೆಯಿಂದ ಒಂದು ಮೊಟ್ಟೆ ತೆಗೆದುಕೊಂಡು, ಬಂಡಿ ಸುತ್ತಿ ಮುಂದಕ್ಕೆ ಬಂದು, ಆತನ ಎದುರಿನ ಬೆಂಚಿನ ಮೇಲೆ ಕೂರುತ್ತಾರೆ. ಅತ್ತ ಕೂತ ಇಬ್ಬರು ಹಮಾಲರು ಸರಿದು ಜಾಗ ಕೊಡುತ್ತಾರೆ. ಅವರು ಸುಲಿದು, ಬಿಸಿಯಿರುವಾಗಲೇ ಅರ್ಧ ಕಚ್ಚಿ, ನಿಧಾನಕ್ಕೆ ಅಗಿಯುತ್ತಾರೆ. ಬೇರೆ ಯಾರೋ ಮಾಡಿದ್ದನ್ನು ಪರೀಕ್ಷಿಸುವವರ ಹಾಗೆ.

"ಉಪ್ಪು ಕಡಿಮಿ ಐತಿ," ಎನ್ನುತ್ತಾರೆ.

"ಏಳು ವರ್ಷದಿಂದ ನಾ ಅದನ್ನ ಬಡಕೊಳ್ಳಾಕತ್ತೀನಲ್ಲಕ್ಕ," ಎನ್ನುತ್ತಾರೆ ಯಮನೂರಪ್ಪ. "ಮತ್ತ ಹಲಗಿ? ಒರಸಲೇನು?"

"ಇರಲಿ ಬಿಡು. ಕಲಿಸಿದಾಕಿ ಊರಿನ ಹೆಸರು ಅದು."

ಉಳಿದರ್ಧವನ್ನೂ ತಿಂದು, ಡ್ರಮ್ಮಿನ ನೀರಲ್ಲಿ ಕೈತೊಳೆದು, ಯಮನೂರಪ್ಪನ ಬಂಡಿಯಿಂದ ಒಂದು ಚಿಟಿಕೆ ಉಪ್ಪು ತೆಗೆದುಕೊಳ್ಳುತ್ತಾರೆ. ಸಂಜೆಯ ಪಾತ್ರೆಯ ಮೇಲೆ ಕೈ ಹಿಡಿದು, ಅಳತೆ ನೋಡದೆ, ಬೆರಳು ಬಿಡಿಸುತ್ತಾರೆ. ಆಮೇಲೆ ಅಂಬಪ್ಪನವರ ಕಡೆ ತಿರುಗುತ್ತಾರೆ.

"ನಮ್ಮನಿದು ಅಂತ ಹೇಳ್ರಿ ಅವರಿಗೆ. ಸಂಜೀಗೆ ಬಂದ್ರ ಉಪ್ಪು ಸರಿ ಇರತೈತಿ ಅಂತನೂ ಹೇಳ್ರಿ."