ಕಂಡಕ್ಟರ್ ಹಮೀದಣ್ಣನ ಇನ್ನೊಂದು ಗಾಡಿ

ಹಮೀದಣ್ಣ "ಎಲ್ಲಿಗೆ?" ಎಂದು ಕೇಳಿ ಟಿಕೆಟ್ ಕೊಟ್ಟವರಲ್ಲ. ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ನಮ್ಮ ಬೆಳಗಿನ ಬಸ್ಸು ಹತ್ತಿ ಛತ್ರಿ ಮಡಚುವಷ್ಟರಲ್ಲಿ ಟಿಕೆಟ್ ಕೈಯಲ್ಲಿರುತ್ತಿತ್ತು, ಜೊತೆಗೊಂದು ಬೈಗುಳವೂ. "ಎಂತ ಟೀಚರ್ರೇ, ಇವತ್ತೂ ಲೇಟಾ? ನಿಮ್ಮ ಶಾಲೆ ಮಕ್ಕಳು ಪುಣ್ಯವಂತರು ಮಾರಾಯ್ರೆ!" ಇಡೀ ಬಸ್ಸು ನಗುತ್ತಿತ್ತು, ನಾನು ಉರಿದುಕೊಳ್ಳುತ್ತಿದ್ದೆ. ಆದರೆ ನಾನು ದೂರದಿಂದ ಓಡಿ ಬರುವುದು ಕಂಡರೆ ಸೀಟಿ ಊದದೆ ಬಸ್ಸು ನಿಲ್ಲಿಸಿಕೊಳ್ಳುತ್ತಿದ್ದವರೂ ಅವರೇ. ಹೆಂಗಸರ ಸೀಟಿನಲ್ಲಿ ಯಾವನಾದರೂ ಗಂಡಸು ಕೂತಿದ್ದರೆ, "ಏಳಿ ಸ್ವಾಮಿ, ನಾಳೆ ಸೀರೆ ಉಟ್ಕೊಂಡು ಬನ್ನಿ, ನಾನೇ ಕೂರಿಸ್ತೀನಿ" ಎನ್ನುತ್ತಿದ್ದರು. ಔಷಧಿಯ ಪೊಟ್ಟಣ, ಹೊಲಿಸಿದ ರವಿಕೆ, ಹೆಣ್ಣು ನೋಡಲು ಬರುವವರ ಸುದ್ದಿ ಎಲ್ಲವೂ ಅವರ ಕೈಯಲ್ಲೇ ಊರಿಂದೂರಿಗೆ ಹೋಗುತ್ತಿದ್ದವು.

ಒಂದು ಸೋಮವಾರ ಬಸ್ಸು ಬರಲಿಲ್ಲ. ನಾವೆಲ್ಲ ಕೊಪ್ಪದ ನಿಲ್ದಾಣದಲ್ಲಿ ಕಾದು ಕಾದು ಹಮೀದಣ್ಣನನ್ನೇ ಬೈಯುತ್ತಿದ್ದಾಗ ಅವರು ನಡೆದುಕೊಂಡು ಬಂದರು. ಇಸ್ತ್ರಿ ಮಾಡಿದ ಖಾಕಿ ಅಂಗಿ, ಹೆಗಲಲ್ಲಿ ಚೀಲ.

"ಕಾಯ್ಬೇಡಿ. ಕಂಪನಿ ಮುಚ್ಚಿಬಿಟ್ರಂತೆ. ಗೇಟಿಗೆ ಬೀಗ ಹಾಕಿದಾರೆ. ನಮಗೂ ಈಗ ಕೆಲ್ಸಕ್ಕೆ ಹೋದಾಗ್ಲೇ ಗೊತ್ತಾಗಿದ್ದು."

ಮೀಸೆ ಚಿಗುರುವಾಗ ಸೇರಿ ಮೀಸೆ ನರೆಯುವವರೆಗೆ ದುಡಿದವರಿಗೆ ಒಂದು ಮಾತೂ ಹೇಳದೆ ಬೀಗ ಹಾಕುತ್ತಾರೆಂದರೆ! ಇವರು ಇನ್ನೇನು ಮಾಡುತ್ತಾರೆ ಎಂದು ನಾನು ಯೋಚಿಸುತ್ತಿದ್ದರೆ, ಕೆಲಸವೇ ಇಲ್ಲದ ಆ ಮನುಷ್ಯ ಸಿಕ್ಕಸಿಕ್ಕ ವ್ಯಾನು, ಜೀಪುಗಳನ್ನು ನಿಲ್ಲಿಸಿ ನಮ್ಮನ್ನು ಹತ್ತಿಸಿದರು. ಬಾಗಿಲು ತಟ್ಟಿ "ರೈಟ್" ಎಂದರು.

ಮುಂದೆ ಅವರು ಶೃಂಗೇರಿಯಲ್ಲಿ ಒಂದು ಬಟ್ಟೆ ಅಂಗಡಿಗೆ ಸೇರಿದರಂತೆ. ಗಿರಾಕಿಗಳು ಬಾಗಿಲಲ್ಲಿ ನಿಂತರೆ ಹಳೆಯ ಅಭ್ಯಾಸದಂತೆ, "ಒಳಗೆ ಹೋಗಿ, ಒಳಗೆಲ್ಲ ಖಾಲಿ ಇದೆ" ಎಂದು ಕೂಗುತ್ತಿದ್ದರಂತೆ. ಅಂಗಡಿ ಖಾಲಿ ಇದೆ ಎಂದು ಬೀದಿಗೆಲ್ಲ ಸಾರುವವನನ್ನು ಯಾವ ಧಣಿ ತಾನೇ ಇಟ್ಟುಕೊಂಡಾನು? ಈ ಕತೆ ಕೇಳಿ ನಾನು ಬಿದ್ದು ಬಿದ್ದು ನಕ್ಕಿದ್ದೆ. ಆಮೇಲೆ ಅವರ ಸುದ್ದಿಯೇ ಇರಲಿಲ್ಲ.

ಕಳೆದ ವರ್ಷ ಅಮ್ಮ ಶಿವಮೊಗ್ಗದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರನ್ನು ಮನೆಗೆ ತರಲು ಶವ ಸಾಗಿಸುವ ವ್ಯಾನು ಬಂತು. ಡ್ರೈವರನ ಪಕ್ಕದಿಂದ ಇಳಿದವರನ್ನು ನೋಡಿ ನಾನು ಅಳುವುದನ್ನೂ ಮರೆತು ನಿಂತುಬಿಟ್ಟೆ.

"ಹಮೀದಣ್ಣ, ನೀವಾ?"

ಅವರು ನನ್ನ ಮುಖ ನೋಡಲಿಲ್ಲ. "ಹೌದು ಟೀಚರ್ರೇ. ಈಗ ಇದೇ ಕೆಲ್ಸ."

ಅಮ್ಮನಿಗೆ ಹಮೀದಣ್ಣನ ಬಸ್ಸು ತಿರುವುಗಳಲ್ಲಿ ಹೊರಳಿದರೆ ಹೊಟ್ಟೆ ತೊಳಸುತ್ತಿತ್ತು. ತೀರ್ಥಹಳ್ಳಿ ದಾಟಿದ ಮೇಲೆ ಮುಂದಿನ ಸೀಟಿನಿಂದ ಹಮೀದಣ್ಣನ ದನಿ ಕೇಳಿತು. "ನಿಧಾನ ಹೊಡಿ ಮಾರಾಯ. ಅಮ್ಮಂಗೆ ತಿರುವು ಆಗಲ್ಲ." ಡ್ರೈವರ್ ಬೆಚ್ಚಿ ಅವರತ್ತ ನೋಡಿದ. ನನಗೆ ಆಗ ದುಃಖದ ಕಟ್ಟೆಯೊಡೆಯಿತು.

ಆಮೇಲೆ ಪೇಟೆಯಲ್ಲಿ ನಾನು ಎದುರಾದರೆ ಅವರೇ ತಲೆ ತಗ್ಗಿಸಿ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಬೈಗುಳವಿಲ್ಲ, ನಗೆಯಿಲ್ಲ. ಯಾಕೆಂದು ಗೊತ್ತಾದದ್ದು ಮೊನ್ನೆ ಭಾನುವಾರ, ಅವರು ತಮ್ಮ ಮಗಳ ಮದುವೆಗೆ ಕರೆಯಲು ಬಂದಾಗ. ಗೇಟಿನಾಚೆ ನಿಂತುಕೊಂಡೇ ಕಾರ್ಡು ಚಾಚಿದರು. ಒಳಗೆ ಬನ್ನಿ ಎಂದರೆ ದನಿ ತಗ್ಗಿಸಿದರು.

"ಬೇಡ ಟೀಚರ್ರೇ, ಹುಷಾರಿಲ್ಲದ ಹಿರಿಯರಿರೋ ಮನೆ. ನನ್ನ ಕಂಡ್ರೆ ಜನಕ್ಕೆ ಹೆದ್ರಿಕೆ. ಕೆಲ್ಸದ ಬಗ್ಗೆ ನಂಗೆ ಬೇಜಾರಿಲ್ಲ. ಯಾರೂ 'ಬಾ' ಅನ್ನಲ್ಲ, ಅದೊಂದೇ ಬೇಜಾರು. ಮದ್ವೆಗಾದ್ರೂ ಜನ ಬರ್ತಾರೋ ಇಲ್ವೋ."

ಊರಿಗೆಲ್ಲ ಬೇಕಾಗಿದ್ದ ಮನುಷ್ಯನ ಬಾಯಲ್ಲಿ ಇಂಥ ಮಾತು! ಅಷ್ಟರಲ್ಲಿ ಜಗಲಿಯಲ್ಲಿ ಮಲಗಿದ್ದ ಅಪ್ಪ ಕತ್ತೆತ್ತಿದರು. ಮೂರು ತಿಂಗಳಿಂದ ಹಾಸಿಗೆ ಹಿಡಿದವರು.

"ಯಾರೇ ಅದು? ಹಮೀದನಾ?"

ಹಮೀದಣ್ಣ ಒಂದು ಹೆಜ್ಜೆ ಹಿಂದೆ ಸರಿದರು.

"ಬಾ ಮಾರಾಯ. ನಾನಿನ್ನೂ ಹೊರಟಿಲ್ಲ. ಕಾಫಿ ಕುಡಿ ಬಾ."

ಗೇಟು ದಾಟಲು ಅವರಿಗೆ ಬಹಳ ಹೊತ್ತು ಬೇಕಾಯಿತು. ಬಂದು ಅಪ್ಪನ ಕಾಲಬುಡದಲ್ಲಿ ಕೂತರು. ಮದುವೆಯ ಅಡುಗೆ, ಗಂಡಿನ ಕಡೆಯವರು ಎಂದು ಅಪ್ಪ ಒಂದೊಂದೇ ವಿಚಾರಿಸಿದರು. ಕಾಫಿ ಮುಗಿಸಿ ಎದ್ದ ಹಮೀದಣ್ಣ, "ಬರ್ತೀನಿ" ಎಂದವರೇ ಗಾಬರಿಯಿಂದ ಬಾಯಿಗೆ ಕೈ ಅಡ್ಡ ಹಿಡಿದರು. ಶವ ಇಳಿಸಿದ ಮನೆಯಲ್ಲಿ ಆ ಮಾತು ಆಡುವಂತಿಲ್ಲ, ಸುಮ್ಮನೆ ಹೊರಟುಬಿಡಬೇಕು. ಆಡದೆ ಆಡದೆ ಅವರಿಗೆ ಎಲ್ಲ ಮನೆಗಳಲ್ಲೂ ಆ ಮಾತಿಗೆ ಹೆದರಿಕೆಯಾಗಿತ್ತು.

ಅಪ್ಪ ದಿಂಬಿಗೆ ಒರಗಿಕೊಂಡೇ ಅವರ ಕೈ ಹಿಡಿದರು.

"ಬಾ ಹಮೀದ, ಮತ್ತೆ ಬಾ. ಗಾಡಿ ಮಾತ್ರ ಬಿಟ್ಟು ಬಾ."